ಎಲೆಕ್ಟ್ರಿಕ್ ಕಾರಿಗೆ ಮೇಂಟೆನೆನ್ಸೇ ಇಲ್ವಾ? ಮೂರು ವರ್ಷದ ಬಿಲ್ ಎಲ್ಲ ಹರಡಿಕೊಂಡು ನೋಡಿದ್ರೆ

ಹೋದ ತಿಂಗಳು ಪಾಂಡವಪುರಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಭಾವ ಕೇಳಿದ್ರು, "ಅಲ್ಲ ಕಣಪ್ಪ, ನಿನ್ ಗಾಡಿಗೆ ಆಯಿಲ್ಲೂ ಬೇಡ್ವಂತೆ, ಸರ್ವೀಸೂ ಬೇಡ್ವಂತೆ, ಬರೀ ಕರೆಂಟ್ ಹಾಕುದ್ರೆ ಸಾಕಂತಲ್ಲ, ದಿಟವಾ?" ಪಕ್ಕದಲ್ಲಿದ್ದ ಅವರ ಚಿಕ್ಕಪ್ಪ ಅನ್ನ ಕಲಸ್ತಾನೇ, "ಅದೆಲ್ಲ ಸರಿ, ಬ್ಯಾಟ್ರಿ ಹೋದ್ರೆ ಗದ್ದೆ ಮಾರ್ಬೇಕಾಯ್ತದೆ ಅಂತಾರೆ" ಅಂದ್ರು. ನಮ್ಮ ಕಡೆ ಎಲೆಕ್ಟ್ರಿಕ್ ಕಾರ್ ಬಗ್ಗೆ ಓಡಾಡ್ತಾ ಇರೋ ಮಾತು ಈ ಎರಡೇ, ಒಂದು ಖರ್ಚೇ ಇಲ್ಲ ಅನ್ನೋದು, ಇನ್ನೊಂದು ಮುಳುಗಿಹೋಗ್ತೀವಿ ಅನ್ನೋದು. ಪೆಟ್ರೋಲ್ ಲೀಟರಿಗೆ ನೂರು ದಾಟಿ ಎಷ್ಟೋ ಕಾಲ ಆಯ್ತು, ಮಂಡ್ಯ ಮೈಸೂರು ರೋಡಲ್ಲಿ ಹಸಿರು ನಂಬರ್ ಪ್ಲೇಟ್ ದಿನಾ ಕಾಣ್ತವೆ, ಹಾಗಾಗಿ ಮನೆಮನೆಯಲ್ಲೂ ಈ ಲೆಕ್ಕ ನಡೀತಾ ಇದೆ.

ನಾನು ಮೈಸೂರಲ್ಲಿ ಮೂರು ವರ್ಷದಿಂದ ಒಂದು ಎಲೆಕ್ಟ್ರಿಕ್ ಕಾರ್ ಓಡಿಸ್ತಾ ಇದೀನಿ, 34,000 ಕಿಲೋಮೀಟರ್ ಆಗಿದೆ, ಬಿಲ್ ಎಲ್ಲ ಒಂದು ಫೈಲಲ್ಲಿ ಇಟ್ಟಿದೀನಿ. ಭಾವನಿಗೆ ಅವತ್ತು ಅರ್ಧ ಹೇಳಿದ್ದನ್ನ ಇಲ್ಲಿ ಪೂರ್ತಿ ಬರೀತೀನಿ.

ಏನೇನು ಇಲ್ಲ, ಏನೇನು ಹಾಗೇ ಇದೆ

ಪೆಟ್ರೋಲ್ ಇಂಜಿನ್ ಒಳಗೆ ಸಾವಿರಾರು ಸಲ ಬೆಂಕಿ ಹತ್ತಿ ಆರ್ತಾ ಇರತ್ತೆ, ಆ ಶಾಖಕ್ಕೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಸವೀಬಾರದು ಅಂತ ಆಯಿಲ್ ಹಾಕ್ತೀವಿ, ಆಯಿಲ್ ಕಪ್ಪಾಗತ್ತೆ, ಅದನ್ನ ಸೋಸೋಕೆ ಫಿಲ್ಟರ್, ಬೆಂಕಿ ಹಚ್ಚೋಕೆ ಸ್ಪಾರ್ಕ್ ಪ್ಲಗ್, ಹೊಗೆ ಹೊರಗೆ ಹೋಗೋಕೆ ಸೈಲೆನ್ಸರ್, ಗೇರ್ ಬದಲಾಯಿಸೋಕೆ ಕ್ಲಚ್. ಎಲೆಕ್ಟ್ರಿಕ್ ಕಾರಲ್ಲಿ ಬೆಂಕಿಯೇ ಇಲ್ಲವಾದ್ದರಿಂದ ಈ ಸಾಲು ಪೂರ್ತಿ ಇಲ್ಲ. ಮೋಟಾರ್ ಅಂದ್ರೆ ನಮ್ಮ ತೋಟದ ಪಂಪ್‌ಸೆಟ್ ಮೋಟಾರಿನ ದೊಡ್ಡಣ್ಣ ಅಂದುಕೊಳ್ಳಿ, ಒಳಗೆ ತಿರುಗೋದು ಮುಖ್ಯವಾಗಿ ಒಂದೇ ವಸ್ತು. ಪಂಪ್‌ಸೆಟ್‌ಗೆ ಯಾರೂ ಐದು ಸಾವಿರ ಕಿಲೋಮೀಟರಿಗೊಂದು ಸಲ ಆಯಿಲ್ ಬದಲಾಯಿಸಲ್ಲ ಅಲ್ವಾ.

ಆದ್ರೆ ಕಾರ್ ಅಂದ್ರೆ ಬರೀ ಇಂಜಿನ್ ಅಲ್ಲ. ಟೈರ್ ಇದೆ, ಬ್ರೇಕ್ ಇದೆ, ಸಸ್ಪೆನ್ಷನ್, ಬುಷ್, ವೈಪರ್, ಎಸಿ ಫಿಲ್ಟರ್, ಬ್ರೇಕ್ ಫ್ಲೂಯಿಡ್, ಬ್ಯಾಟರಿ ತಣ್ಣಗಿಡೋ ಕೂಲಂಟ್, ಗೇರ್‌ಬಾಕ್ಸ್ ಜಾಗದಲ್ಲಿರೋ ಒಂದೇ ಗೇರಿನ ಡಬ್ಬಕ್ಕೆ ಸ್ವಲ್ಪ ಆಯಿಲ್ಲೂ ಇದೆ, ಅದನ್ನ ಬದಲಾಯಿಸೋದು ಬಹಳ ಅಪರೂಪ ಅಷ್ಟೇ. ನನ್ನ ಮೂರು ವರ್ಷದ ಮೂರು ಸರ್ವೀಸಿಗೆ ಒಟ್ಟು 15,900 ರೂಪಾಯಿ ಆಯ್ತು. ಎರಡನೇ ವರ್ಷದ್ದೇ ಸ್ವಲ್ಪ ಜಾಸ್ತಿ, ಯಾಕಂದ್ರೆ ಬ್ರೇಕ್ ಫ್ಲೂಯಿಡ್ ಬದಲಾಯಿಸಿದ್ರು. ಮಿಕ್ಕಿದ್ದರಲ್ಲಿ ಹೆಚ್ಚಿನದು ಎಸಿ ಫಿಲ್ಟರ್, ಚೆಕಪ್, ಲೇಬರ್.

ಕೂಲಂಟ್ ಬಗ್ಗೆ ಒಂದು ಮಾತು. ಕಡಿಮೆ ಆಗಿದೆ ಅಂತ ನಲ್ಲಿ ನೀರು ಹಾಕೋದು, ಪೆಟ್ರೋಲ್ ಬಂಕಲ್ಲಿ ಸಿಗೋ ಹಸಿರು ಬಾಟಲಿ ಸುರಿಯೋದು ಮಾಡ್ಬೇಡಿ. ಕೆಲವು ಎಲೆಕ್ಟ್ರಿಕ್ ಕಾರಲ್ಲಿ ಬ್ಯಾಟರಿಗೆ ವಿದ್ಯುತ್ ಸುಲಭವಾಗಿ ಹರಿಯದಂಥ ಬೇರೆ ಥರದ ಕೂಲಂಟ್ ಇರತ್ತೆ, ಮ್ಯಾನ್ಯುಯಲ್ ನೋಡಿ ಅದನ್ನೇ ಹಾಕಿಸಬೇಕು.

ಇನ್ನೊಂದು ವ್ಯತ್ಯಾಸ ಅಂದ್ರೆ ನಮ್ಮೂರ ಗ್ಯಾರೇಜ್ ಅಣ್ಣನ ಹತ್ರ ತೋರಿಸಿ ಕಡಿಮೆಯಲ್ಲಿ ಮುಗಿಸೋ ದಾರಿ ಇಲ್ಲಿ ಬಹಳ ಕಿರಿದು. ಬಾನೆಟ್ ಎತ್ತಿದ್ರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಾಣತ್ತಲ್ಲ, ಅದರಲ್ಲಿ ಓಡೋದು ಮುನ್ನೂರು ನಾನೂರು ವೋಲ್ಟ್ ಡಿಸಿ, ಟ್ರೈನಿಂಗ್ ಇಲ್ಲದವರು ಮುಟ್ಟಿದ್ರೆ ಜೀವಕ್ಕೇ ಅಪಾಯ. ಟೈರ್, ಬ್ರೇಕ್ ಪ್ಯಾಡ್, ಅಲೈನ್‌ಮೆಂಟ್ ಹೊರಗೆ ಮಾಡಿಸಬಹುದು, ಕಿತ್ತಳೆ ಕೇಬಲ್ಲಿನ ಕೆಲಸಕ್ಕೆ ಮಾತ್ರ ಕಂಪನಿ ಸರ್ವೀಸ್ ಸೆಂಟರ್‌ಗೇ ಹೋಗ್ಬೇಕು. ನಾಗಮಂಗಲ, ಮಳವಳ್ಳಿ ಕಡೆಯವರು ಅಲ್ಲಿಂದ ಮೈಸೂರಿಗೆ ಬಂದು ಹೋಗೋ ಒಂದು ದಿನವನ್ನೂ ಖರ್ಚಲ್ಲೇ ಸೇರಿಸಿಕೊಳ್ಳಿ.

ಬ್ರೇಕ್: ಸೈಕಲ್ ಡೈನಮೋ ನೆನಪಿದ್ಯಾ

ಹಿಂದೆ ಸೈಕಲ್ ಚಕ್ರಕ್ಕೆ ಡೈನಮೋ ಒತ್ತಿಸ್ತಿದ್ವಿ, ಲೈಟ್ ಉರೀತಿತ್ತು, ಆದ್ರೆ ಪೆಡಲ್ ಭಾರ ಆಗ್ತಿತ್ತು. ಎಲೆಕ್ಟ್ರಿಕ್ ಕಾರಲ್ಲಿ ಆಕ್ಸಿಲರೇಟರಿಂದ ಕಾಲು ತೆಗೆದ ತಕ್ಷಣ ಅದೇ ಆಗೋದು, ಮೋಟಾರ್ ತಾನೇ ಡೈನಮೋ ಆಗಿಬಿಡತ್ತೆ, ಕಾರಿನ ಓಟವನ್ನ ಕರೆಂಟ್ ಮಾಡಿ ಬ್ಯಾಟರಿಗೆ ವಾಪಸ್ ಕೊಡತ್ತೆ, ಆ ಭಾರಕ್ಕೇ ಗಾಡಿ ನಿಧಾನ ಆಗತ್ತೆ. ಇದಕ್ಕೆ ರೀಜನ್ ಅಂತಾರೆ. ಚಾಮುಂಡಿ ಬೆಟ್ಟ ಊರಿಂದ ಹತ್ತಿರ ಹತ್ತಿರ 300 ಮೀಟರ್ ಎತ್ತರ ಇದೆ, ನಾಲ್ಕು ಜನ ಕೂತು ಇಳಿದ್ರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್ ವಾಪಸ್ ಬರತ್ತೆ, ಬ್ರೇಕ್ ಮುಟ್ಟೋದು ನಂದಿ ಹತ್ರ ಬಸ್ ಅಡ್ಡ ಬಂದಾಗ ಮಾತ್ರ. ಆದ್ರೆ ಬ್ಯಾಟರಿ ನೂರಕ್ಕೆ ನೂರು ತುಂಬಿದ್ದಾಗ ವಾಪಸ್ ಬಂದ ಕರೆಂಟಿಗೆ ಜಾಗ ಇರಲ್ಲ, ಆಗ ರೀಜನ್ ಸರಿಯಾಗಿ ಹಿಡಿಯಲ್ಲ. ಬೆಟ್ಟದ ಮೇಲೆ ಮನೆ ಇರೋರು, ಮಡಿಕೇರಿ ಊಟಿ ಕಡೆ ರೂಮಲ್ಲಿ ಫುಲ್ ಚಾರ್ಜ್ ಮಾಡಿಕೊಂಡು ಇಳಿಯೋರು ಇದನ್ನ ತಿಳಿದಿರಬೇಕು.

ಇದರಿಂದ ಬ್ರೇಕ್ ಪ್ಯಾಡ್ ಬಹಳ ದಿನ ಬರತ್ತೆ, ನನ್ನದು ಇನ್ನೂ ಮೊದಲಿನದ್ದೇ ಇದೆ. ಆದ್ರೆ ಬಳಸದೇ ಇಟ್ಟ ಕುಡುಗೋಲಿಗೆ ತುಕ್ಕು ಹಿಡಿಯೋ ಹಾಗೆ ಬ್ರೇಕ್ ಡಿಸ್ಕಿಗೂ ತುಕ್ಕು ಹಿಡಿಯತ್ತೆ. ಮಳೆಗಾಲದಲ್ಲಿ ಎರಡು ದಿನ ನಿಲ್ಲಿಸಿದ್ರೆ ಡಿಸ್ಕ್ ಮೇಲೆ ಇಟ್ಟಿಗೆ ಬಣ್ಣದ ಪದರ ಕೂತಿರತ್ತೆ, ಬೆಳಿಗ್ಗೆ ಮೊದಲ ಬ್ರೇಕಿಗೆ ಕರ್ ಅಂತ ಸದ್ದು. ಅದು ಎರಡು ಮೂರು ಸಲ ಒತ್ತಿದ್ರೆ ಹೋಗತ್ತೆ, ಆದ್ರೆ ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರಿನ ಪಿನ್ ಒಳಗೆ ಬಿಗಿದುಕೊಂಡ್ರೆ ಮಾತ್ರ ಖರ್ಚು. ಅದಕ್ಕೆ ವರ್ಷಕ್ಕೊಂದು ಸಲ ಪಿನ್ ಬಿಚ್ಚಿ ಕ್ಲೀನ್ ಮಾಡಿ ಗ್ರೀಸ್ ಹಾಕಿಸೋದು, ಎರಡು ವರ್ಷಕ್ಕೊಮ್ಮೆ ಬ್ರೇಕ್ ಫ್ಲೂಯಿಡ್ ಬದಲಾಯಿಸೋದು. ಫ್ಲೂಯಿಡ್ ಗಾಳಿಯಲ್ಲಿರೋ ತೇವ ಹೀರಿಕೊಳ್ಳತ್ತೆ, ಮುಚ್ಚಳ ತೆಗೆದಿಟ್ಟ ಉಪ್ಪಿನ ಥರ. ನೀವು ಬ್ರೇಕ್ ಹಾಕಿ ಬಿಡಿ, ಅದು ಹೀರ್ತಾನೇ ಇರತ್ತೆ.

ಟೈರ್: ಯಾರೂ ಹೇಳದ ಖರ್ಚು

ನನಗೆ ನಿಜವಾಗಿ ಆಶ್ಚರ್ಯ ಆಗಿದ್ದು ಇಲ್ಲಿ. ಮೂರನೇ ವರ್ಷ ಅಲೈನ್‌ಮೆಂಟ್‌ಗೆ ಹೋದಾಗ ಟೈರ್ ಅಂಗಡಿ ಹುಡುಗ ಸ್ಟೇರಿಂಗ್ ಪೂರ್ತಿ ತಿರುಗಿಸೋಕೆ ಹೇಳಿ, ಮುಂದಿನ ಟೈರಿನ ಒಳಬದಿಗೆ ನನ್ನ ಕೈ ಹಿಡಿದು ಸವರಿಸಿದ. ಹೊರಗಿಂದ ನೋಡಿದ್ರೆ ಇನ್ನೂ ಗೆರೆ ಚೆನ್ನಾಗಿತ್ತು, ಒಳಬದಿ ಮಾತ್ರ ಬೋಳು ತಲೆ ಥರ ನುಣ್ಣಗೆ, ಒಂದು ಕಡೆ ದಾರ ಕೈಗೆ ಸಿಗ್ತಿತ್ತು. ಅದೇ ಟೈರಲ್ಲಿ ಹಿಂದಿನ ವಾರ ಬೆಂಗಳೂರಿಗೆ ಹೋಗಿ ಬಂದಿದ್ದೆ, ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಯಾಕೆ ಹೀಗೆ ಅಂದ್ರೆ ಎರಡು ಕಾರಣ. ಬ್ಯಾಟರಿ ಭಾರ ಇರೋದ್ರಿಂದ ಅದೇ ಸೈಜಿನ ಪೆಟ್ರೋಲ್ ಕಾರಿಗಿಂತ ಇದು ನೂರಾರು ಕಿಲೋ ಹೆಚ್ಚು ತೂಗತ್ತೆ, ಅಂದ್ರೆ ಯಾವಾಗ್ಲೂ ಎರಡು ಮೂರು ಮೂಟೆ ಭತ್ತ ಡಿಕ್ಕಿಯಲ್ಲಿ ಇಟ್ಟುಕೊಂಡೇ ಓಡಾಡಿದ ಹಾಗೆ. ಇನ್ನೊಂದು, ಮೋಟಾರಿನ ಎಳೆತ ಕಾಲಿಟ್ಟ ಕ್ಷಣದಲ್ಲೇ ಪೂರ್ತಿ ಬರತ್ತೆ, ಸಿಗ್ನಲಲ್ಲಿ ಚಿಮ್ಮಿ ಹೋಗೋದು ಮಜಾ ಅನ್ಸತ್ತೆ, ಆ ಮಜಾ ಎಲ್ಲ ರಬ್ಬರಿಂದ ಬರೋದು. ಸಾಲದಕ್ಕೆ ನಮ್ಮ ಹಳ್ಳಿ ರೋಡಿನ ಹಂಪ್ ಗುಂಡಿಗೆ ಅಲೈನ್‌ಮೆಂಟ್ ತಪ್ಪತ್ತೆ, ತಪ್ಪಿದ ಮೇಲೆ ಒಳಬದಿ ಸವೆಯೋದು ಗೊತ್ತೇ ಆಗಲ್ಲ.

ನಾಲ್ಕು ಟೈರಿಗೆ 36,000 ಆಯ್ತು. 34,000 ಕಿಲೋಮೀಟರಿಗೆ ಭಾಗಿಸಿ ನೋಡಿ, ಕಿಲೋಮೀಟರಿಗೆ ಒಂದು ರೂಪಾಯಿ ಮೇಲೆ. ಮನೆಯಲ್ಲಿ ಚಾರ್ಜ್ ಮಾಡಿದ್ರೆ ಕರೆಂಟಿಗೆ ಆಗೋದೂ ಹೆಚ್ಚುಕಮ್ಮಿ ಅಷ್ಟೇ! ಅಂದ್ರೆ ಈ ಕಾರು ಕರೆಂಟ್ ತಿನ್ನೋಷ್ಟೇ ದುಡ್ಡಿನ ರಬ್ಬರ್ ತಿನ್ನತ್ತೆ. ಈಗ 5,000 ಕಿಲೋಮೀಟರಿಗೊಂದು ಸಲ ಅಲೈನ್‌ಮೆಂಟ್ ಮಾಡಿಸಿ ಮುಂದಿನ ಹಿಂದಿನ ಟೈರ್ ಅದಲುಬದಲು ಮಾಡಿಸ್ತೀನಿ, ಗಾಳಿ ಹದಿನೈದು ದಿನಕ್ಕೊಮ್ಮೆ, ಒಳಬದಿಗೆ ಕೈ ಹಾಕಿ ನೋಡೋದಂತೂ ಅಭ್ಯಾಸವೇ ಆಗಿದೆ.

ಸಣ್ಣ ಬ್ಯಾಟರಿ

ದೊಡ್ಡ ಬ್ಯಾಟರಿ ಬಗ್ಗೆ ಎಲ್ಲರೂ ಮಾತಾಡ್ತಾರೆ, ಆದ್ರೆ ಬಹಳಷ್ಟು ಎಲೆಕ್ಟ್ರಿಕ್ ಕಾರಲ್ಲಿ ಬಾನೆಟ್ ಕೆಳಗೆ ಮಾಮೂಲಿ 12 ವೋಲ್ಟ್ ಬ್ಯಾಟರಿಯೂ ಒಂದು ಇರತ್ತೆ. ಡೋರ್ ಲಾಕ್, ಸ್ಕ್ರೀನ್, ಕಂಪ್ಯೂಟರ್ ಎಲ್ಲ ಎದ್ದೇಳೋದು ಇದರಿಂದ, ದೊಡ್ಡ ಬ್ಯಾಟರಿಗೆ ಹೋಗೋ ಸ್ವಿಚ್ ಒತ್ತೋದೂ ಇದೇ. ಮನೆ ಕಣಜದ ತುಂಬ ಭತ್ತ ಇದ್ರೂ ಕೀಲಿ ಕಳೆದುಹೋದ್ರೆ ಉಪವಾಸ, ಹಾಗೆ. ಹೋದ ವರ್ಷ ದಸರಾ ರಜಕ್ಕೆ ಒಂಬತ್ತು ದಿನ ಊರಿಗೆ ಹೋಗಿ ಬಂದು ನೋಡಿದ್ರೆ ಡೋರೇ ತೆಗೀಲಿಲ್ಲ, ರಿಮೋಟ್ ಒಳಗಿನ ಪುಟ್ಟ ಕೀಲಿ ತೆಗೆದು ಬಾಗಿಲು ತೆರೆದ್ರೆ ಒಳಗೆ ಒಂದು ಲೈಟೂ ಇಲ್ಲ. ದೊಡ್ಡ ಬ್ಯಾಟರಿ ಬಿಟ್ಟು ಹೋದಾಗ ಅರವತ್ತು ಪರ್ಸೆಂಟ್ ಇತ್ತು. ಪಕ್ಕದ ಮನೆಯವರ ಕಾರಿಂದ ಜಂಪ್ ಕೇಬಲ್ ಹಾಕಿ ಎಬ್ಬಿಸಿದ್ವಿ, ಆಮೇಲೆ ಹೊಸದು ಹಾಕಿಸಿದ್ದಕ್ಕೆ 5,800. ಇದು ಮೂರು ನಾಲ್ಕು ವರ್ಷಕ್ಕೊಮ್ಮೆ ಬರೋ ಖರ್ಚು, ಪೆಟ್ರೋಲ್ ಕಾರಿಗೂ ಬರತ್ತೆ, ಇದಕ್ಕೆ ಬರಲ್ಲ ಅಂದುಕೊಂಡಿದ್ದು ನನ್ನ ತಪ್ಪು.

ಇಲಿ ಬಗ್ಗೆಯೂ ಹೇಳ್ಬೇಕು. ಗದ್ದೆ ಪಕ್ಕ ಮನೆ ಇರೋರಿಗೆ ವೈರ್ ಕಡಿಯೋ ಇಲಿ ದೊಡ್ಡ ತಲೆನೋವು, ಇದು ಸಾಮಾನ್ಯವಾಗಿ ವಾರಂಟಿಯಲ್ಲಿ ಬರಲ್ಲ. ನಮ್ಮ ಕಡೆ ಹುಣಸೂರಿನ ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಬಾನೆಟ್ ಒಳಗೆ ಇಡ್ತಾರೆ, ನಾನೂ ಇಟ್ಟಿದೀನಿ, ಆದ್ರೆ ಕಿತ್ತಳೆ ಕೇಬಲ್ಲಿಂದ ದೂರ.

ದೊಡ್ಡ ಬ್ಯಾಟರಿ: ಕೆಆರ್‌ಎಸ್ಸಿನ ಹೂಳು

ಈಗ ಚಿಕ್ಕಪ್ಪನ ಭಯಕ್ಕೆ ಬರೋಣ. ಕೆಆರ್‌ಎಸ್ 124.80 ಅಡಿ ಮುಟ್ಟಿದ್ರೆ ತುಂಬಿತು ಅಂತೀವಿ, ಲೆಕ್ಕದ ಪ್ರಕಾರ 49.45 ಟಿಎಂಸಿ ನೀರು. ಆದ್ರೆ ತಳದಲ್ಲಿ ವರ್ಷವರ್ಷ ಹೂಳು ಕೂರ್ತಾ ಹೋದ್ರೆ ಅಡಿ ಅಷ್ಟೇ ತೋರಿಸತ್ತೆ, ಒಳಗಿರೋ ನೀರು ಕಡಿಮೆ ಇರತ್ತೆ. ಲಿಥಿಯಂ ಬ್ಯಾಟರಿಯೂ ಹಾಗೇ. ಸ್ಕ್ರೀನಲ್ಲಿ ಕಾಣೋ 100 ಪರ್ಸೆಂಟ್ ಅನ್ನೋದು ಅಡಿ ಲೆಕ್ಕ. ಒಳಗೆ ನಿಜವಾಗಿ ಎಷ್ಟು ಹಿಡಿಯತ್ತೆ ಅನ್ನೋದು ಬೇರೆ ಲೆಕ್ಕ, ಅದನ್ನ ಸರ್ವೀಸಿನವರು ಸ್ಟೇಟ್ ಆಫ್ ಹೆಲ್ತ್ ಅಂತಾರೆ. ಅದಕ್ಕೇ ಬ್ಯಾಟರಿ ಸಾಮಾನ್ಯವಾಗಿ ಒಂದು ದಿನ ಪಟ್ ಅಂತ ಸಾಯಲ್ಲ, ಫುಲ್ ಚಾರ್ಜಿಗೆ ಓಡೋ ಕಿಲೋಮೀಟರ್ ನಿಧಾನಕ್ಕೆ ಕಡಿಮೆ ಆಗ್ತಾ ಹೋಗತ್ತೆ.

ಹೂಳು ಬೇಗ ಕೂರಿಸೋದು ಮುಖ್ಯವಾಗಿ ಶಾಖ, ಆಮೇಲೆ ತುಂಬಿಸಿ ಹಾಗೇ ದಿನಗಟ್ಟಲೆ ನಿಲ್ಲಿಸೋದು, ಪೂರ್ತಿ ಖಾಲಿ ಮಾಡಿ ಬಿಡೋದು, ದಿನಾ ಫಾಸ್ಟ್ ಚಾರ್ಜರಲ್ಲೇ ಹಾಕೋದು. ಏಪ್ರಿಲ್ ಬಿಸಿಲಲ್ಲಿ ಹೈವೇ ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕೋ ಬದಲು ಒಂದರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದ್ರೆ ಒಳ್ಳೇದು. ದಿನನಿತ್ಯಕ್ಕೆ 80 ಪರ್ಸೆಂಟ್ ಸಾಕು. ಹಾಗಂತ ಯಾವಾಗ್ಲೂ 80ಕ್ಕೇ ನಿಲ್ಲಿಸೋದೂ ಸರಿಯಲ್ಲ, ಎಲ್‌ಎಫ್‌ಪಿ ಅನ್ನೋ ಜಾತಿಯ ಬ್ಯಾಟರಿಯಲ್ಲಿ ವೋಲ್ಟೇಜ್ ನೋಡಿ ಒಳಗೆ ಎಷ್ಟಿದೆ ಅಂತ ಹೇಳೋದು ಕಷ್ಟ, ಮೇಲಿಂದ ಕೆಳಗಿನವರೆಗೂ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಹಾಗಾಗಿ ಕಂಪನಿ ಹೇಳಿದಷ್ಟು ದಿನಕ್ಕೊಮ್ಮೆ ನಿಧಾನ ಚಾರ್ಜರಲ್ಲಿ ನೂರರವರೆಗೂ ತುಂಬಿಸಬೇಕು, ಆಗ ಕಾರಿನ ಕಂಪ್ಯೂಟರಿಗೆ ಅಳತೆ ಸರಿಹೋಗತ್ತೆ. ನಿಮ್ಮ ಕಾರಲ್ಲಿರೋದು ಎಲ್‌ಎಫ್‌ಪಿನಾ, ಎನ್‌ಎಂಸಿ ಅನ್ನೋ ಇನ್ನೊಂದು ಜಾತಿನಾ ಅಂತ ಶೋರೂಮಲ್ಲೇ ಕೇಳಿ ಬರೆದಿಟ್ಕೊಳ್ಳಿ.

ದುಡ್ಡಿನ ವಿಚಾರ. ಇಡೀ ಬ್ಯಾಟರಿ ಸ್ವಂತ ಖರ್ಚಲ್ಲಿ ಬದಲಾಯಿಸಬೇಕಾದ್ರೆ ಲಕ್ಷಗಟ್ಟಲೆ, ಅದು ಸುಳ್ಳಲ್ಲ. ಆದ್ರೆ ನಮ್ಮ ದೇಶದಲ್ಲಿ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಮಾಮೂಲಿ ಆಗಿದೆ, ಕೆಲವು ಕಂಪನಿಗಳು ಮೊದಲ ಮಾಲೀಕರಿಗೆ ಲೈಫ್‌ಟೈಮ್ ಅಂತಲೂ ಕೊಡ್ತಿವೆ, ಅಲ್ಲಿ ಲೈಫ್‌ಟೈಮ್ ಅಂದ್ರೆ ಎಷ್ಟು ವರ್ಷ, ಗಾಡಿ ಕೈ ಬದಲಾದ್ರೆ ಏನು ಅನ್ನೋದನ್ನ ಓದಿಕೊಳ್ಳಬೇಕು. ಹೆಲ್ತ್ ಎಷ್ಟು ಪರ್ಸೆಂಟಿಗಿಂತ ಕೆಳಗೆ ಇಳಿದ್ರೆ ವಾರಂಟಿ ಅನ್ವಯ ಆಗತ್ತೆ ಅನ್ನೋದು ಅದಕ್ಕಿಂತ ಮುಖ್ಯ, ಸಾಮಾನ್ಯವಾಗಿ 70 ಅಥವಾ 80 ಇರತ್ತೆ. ಇನ್ನು ಬ್ಯಾಟರಿ ಅಂದ್ರೆ ಒಂದೇ ಗಟ್ಟಿ ಇಟ್ಟಿಗೆ ಅಲ್ಲ, ಒಳಗೆ ಮಾಡ್ಯೂಲ್‌ಗಳಿರ್ತವೆ, ಬಹಳ ಕಾರಲ್ಲಿ ಕೆಟ್ಟ ಮಾಡ್ಯೂಲ್ ಮಾತ್ರ ಬದಲಾಯಿಸೋಕೆ ಆಗತ್ತೆ. ಬೆಲೆಯೂ ಇಳೀತಾ ಇದೆ, 2010ರ ಸುಮಾರಿಗೆ ಒಂದು ಯೂನಿಟ್ ಹಿಡಿಯೋ ಬ್ಯಾಟರಿಗೆ ಜಗತ್ತಿನಲ್ಲಿ ಸಾವಿರ ಡಾಲರ್ ಮೇಲಿತ್ತು, 2024ರಲ್ಲಿ ಸರಾಸರಿ 115 ಡಾಲರ್‌ಗೆ ಬಂತು.

ವಾರಂಟಿ ಮುಟ್ಟದ ಒಂದು ಜಾಗ ಇದೆ. ಬ್ಯಾಟರಿ ಇರೋದು ಕಾರಿನ ಹೊಟ್ಟೆ ಕೆಳಗೆ. ಕಲ್ಲಿಗೆ, ಎತ್ತರದ ಹಂಪಿಗೆ ಕೆಳಗಿಂದ ಬಲವಾಗಿ ಹೊಡೆದ್ರೆ ಅದು ಇನ್ಶೂರೆನ್ಸ್ ವಿಷಯ ಆಗತ್ತೆ. ಬ್ಯಾಟರಿಗೆ ನೀರು ಹೋಗಲ್ಲ ಅನ್ನೋಕೆ ಐಪಿ67 ಅಂತ ಹೇಳ್ತಾರಲ್ಲ, ಅದು ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಇದ್ರೂ ಒಳಗೆ ನೀರು ಹೋಗಬಾರದು ಅನ್ನೋ ಪರೀಕ್ಷೆ, ಹೊಡೆತ ತಿಂದ ಬ್ಯಾಟರಿಗೆ ಆ ಭರವಸೆ ಉಳಿಯಲ್ಲ.

ಗೃಹಜ್ಯೋತಿ ಇದ್ದೋರು ಇದನ್ನ ಓದಲೇಬೇಕು

ಮೈಸೂರು, ಮಂಡ್ಯ ಎರಡೂ ಸೆಸ್ಕ್ ಅನ್ನೋ ಕರೆಂಟ್ ಕಂಪನಿ ವ್ಯಾಪ್ತಿ. 2025-26ರ ದರದಲ್ಲಿ ಮನೆ ಕರೆಂಟ್ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅದಕ್ಕೆ 9 ಪರ್ಸೆಂಟ್ ಟ್ಯಾಕ್ಸ್, ಪೆನ್ಷನ್ ಸರ್ಚಾರ್ಜ್ 36 ಪೈಸೆ, ಎಲ್ಲ ಸೇರಿ ಏಳು ರೂಪಾಯಿ ಅಂತ ಇಟ್ಕೊಳ್ಳಿ. ಚಾರ್ಜ್ ಆಗುವಾಗ ಶಾಖವಾಗಿ ಪೋಲಾಗೋದನ್ನೂ ಸೇರಿಸಿ ನನ್ನ ಮೀಟರ್ ಲೆಕ್ಕದಲ್ಲಿ ಯೂನಿಟ್‌ಗೆ ಆರೂಕಾಲು ಕಿಲೋಮೀಟರ್ ಬರತ್ತೆ. ತಿಂಗಳಿಗೆ 1,000 ಕಿಲೋಮೀಟರಿಗೆ 160 ಯೂನಿಟ್, 1,120 ರೂಪಾಯಿ. ಲೀಟರಿಗೆ 15 ಕೊಡೋ ಪೆಟ್ರೋಲ್ ಕಾರಾದ್ರೆ ಇದೇ ಓಡಾಟಕ್ಕೆ ಏಳು ಸಾವಿರದ ಹತ್ರ.

ಇಷ್ಟು ಎಲ್ಲರೂ ಹೇಳ್ತಾರೆ. ಆದ್ರೆ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ್ರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಬೇಕು. ಮೊದಲು 90 ಯೂನಿಟ್ ಉರಿಸಿ ಜೀರೋ ಬಿಲ್ ಬರ್ತಿದ್ದ ಮನೆಗೆ ಕಾರಿನ 160 ಸೇರಿದ್ರೆ 250 ಆಯ್ತು. ಆಗ 250ಕ್ಕೂ ದುಡ್ಡು, ಮೇಲೆ ಮನೆ ಲೋಡಿನ ಕಿಲೋವ್ಯಾಟಿಗೆ 145ರಂತೆ ಫಿಕ್ಸೆಡ್ ಚಾರ್ಜು. ಎರಡು ಕಿಲೋವ್ಯಾಟ್ ಲೋಡಿನ ಮನೆಗೆ ಒಟ್ಟು ಎರಡು ಸಾವಿರದ ಹತ್ರ ಬರತ್ತೆ, ಅಂದ್ರೆ ಕಾರಿನ ನಿಜವಾದ ಕರೆಂಟ್ ಖರ್ಚು 1,120 ಅಲ್ಲ, 2,000. ಆದ್ರೂ ಪೆಟ್ರೋಲಿಗಿಂತ ಬಹಳ ಕಡಿಮೆನೇ, ಗೊತ್ತಿದ್ದು ಇಳಿಯಬೇಕು ಅಷ್ಟೇ. ಕಾರಿಗೇ ಅಂತ ಬೇರೆ ಮೀಟರ್, ಬೇರೆ ಟ್ಯಾರಿಫಲ್ಲಿ ತಗೊಳ್ಳೋ ವಿಚಾರವನ್ನ ಸೆಸ್ಕ್ ಆಫೀಸಲ್ಲಿ ಕಾರ್ ಬುಕ್ ಮಾಡೋಕೆ ಮೊದಲೇ ಕೇಳಿ. 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸೋಕೆ ಮನೆ ಲೋಡ್ 5 ಕಿಲೋವ್ಯಾಟ್ ಏರಿಸಿದ್ರೆ ಫಿಕ್ಸೆಡ್ ಚಾರ್ಜೇ ತಿಂಗಳಿಗೆ 725 ಹೆಚ್ಚಾಗತ್ತೆ, ದಿನಕ್ಕೆ 40-50 ಕಿಲೋಮೀಟರ್ ಓಡಿಸೋರಿಗೆ 15 ಆಂಪ್ ಸಾಕೆಟಲ್ಲಿ ರಾತ್ರಿ ಹಾಕಿದ್ರೆ ಧಾರಾಳ ಸಾಕು.

ಹೊರಗಿನ ಫಾಸ್ಟ್ ಚಾರ್ಜರ್ ಮನೆಗಿಂತ ಮೂರು ಪಟ್ಟು ದುಬಾರಿ ಅಂತ ಲೆಕ್ಕ ಇಟ್ಕೊಳ್ಳಿ. ಬೆಂಗಳೂರು ಹೈವೇಯಲ್ಲಿ 80ರ ಬದಲು 100ರಲ್ಲಿ ಹೋದ್ರೆ ಗಾಳಿಯ ತಡೆಯೇ ಒಂದೂವರೆ ಪಟ್ಟು ಆಗತ್ತೆ, ಅದು ಪರ್ಸೆಂಟ್ ಇಳಿಯೋ ಸ್ಪೀಡಲ್ಲೇ ಕಾಣತ್ತೆ.

ಇನ್ಶೂರೆನ್ಸ್, ಟ್ಯಾಕ್ಸ್

ಥರ್ಡ್ ಪಾರ್ಟಿ ಇನ್ಶೂರೆನ್ಸಲ್ಲಿ ಎಲೆಕ್ಟ್ರಿಕ್ ಗಾಡಿಗೆ 15 ಪರ್ಸೆಂಟ್ ರಿಯಾಯಿತಿ ಇದೆ, 2022ರಲ್ಲಿ ನಿಗದಿ ಮಾಡಿದ ದರ 30ರಿಂದ 65 ಕಿಲೋವ್ಯಾಟ್ ಮೋಟಾರಿಗೆ ವರ್ಷಕ್ಕೆ 2,904, ಅದಕ್ಕಿಂತ ದೊಡ್ಡದಕ್ಕೆ 6,712. ಆದ್ರೆ ನಮ್ಮ ಗಾಡಿಗೇ ಆಗೋ ಡ್ಯಾಮೇಜಿನ ಪ್ರೀಮಿಯಂ ಕಾರಿನ ಬೆಲೆ ಮೇಲೆ ನಿಂತಿರತ್ತೆ, ಎಲೆಕ್ಟ್ರಿಕ್ ಬೆಲೆ ಜಾಸ್ತಿ, ಹಾಗಾಗಿ ಆ ರಿಯಾಯಿತಿ ಅಲ್ಲೇ ಕರಗಿ ಹೋಗತ್ತೆ. ಸವಕಳಿ ಕಳೆಯದೆ ಪೂರ್ತಿ ಕ್ಲೇಮ್ ಕೊಡೋ ಜೀರೋ ಡೆಪ್ ಜೊತೆಗೆ ಬ್ಯಾಟರಿ ಕವರ್ ಅಂತ ಬೇರೆ ಆಡ್-ಆನ್ ಇರತ್ತೆ, ನೀರು ಮತ್ತು ಕೆಳಗಿನ ಹೊಡೆತ ಅದರಲ್ಲಿ ಬರತ್ತಾ ಅಂತ ಬರವಣಿಗೆಯಲ್ಲಿ ಕೇಳಿ. ನಾನು ಬೇರೆ ಎಲ್ಲಿ ಉಳಿಸಿದ್ರೂ ಇಲ್ಲಿ ಉಳಿಸಲ್ಲ. ರಸ್ತೆ ತೆರಿಗೆ ನಮ್ಮ ರಾಜ್ಯದಲ್ಲಿ ಬಹಳ ಕಾಲ ಎಲೆಕ್ಟ್ರಿಕ್‌ಗೆ ಪೂರ್ತಿ ಮಾಫಿ ಇತ್ತು, 2024ರಲ್ಲಿ 25 ಲಕ್ಷ ಮೀರಿದ ಕಾರಿಗೆ 10 ಪರ್ಸೆಂಟ್ ಹಾಕಿದ್ರು. ನಿಯಮ ಬದಲಾಗ್ತಾ ಇರತ್ತೆ, ಆನ್ ರೋಡ್ ಬೆಲೆ ಬರೆಸಿಕೊಳ್ಳುವಾಗ ಆ ಸಾಲನ್ನ ನೋಡಿ.

ಭಾವನ ಲೆಕ್ಕ, ಚಿಕ್ಕಪ್ಪನ ಲೆಕ್ಕ

ನನ್ನದು ಕೂಡಿಸಿದ್ರೆ ಸರ್ವೀಸ್ 15,900, ಅಲೈನ್‌ಮೆಂಟ್ 4,500, ಸಣ್ಣ ಬ್ಯಾಟರಿ 5,800, ಟೈರ್ 36,000, ಒಟ್ಟು 62,200. ಕಿಲೋಮೀಟರಿಗೆ 1 ರೂಪಾಯಿ 83 ಪೈಸೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಟೈರೇ. ಕರೆಂಟ್ ಸೇರಿಸಿದ್ರೆ ಮೂರು ರೂಪಾಯಿ ಆಸುಪಾಸು. ಇನ್ಶೂರೆನ್ಸ್ ಬೇರೆ.

ಭಾವ ದಿನಾ ಪಾಂಡವಪುರದಿಂದ ಮೈಸೂರಿಗೆ ಕೆಲಸಕ್ಕೆ ಬಂದು ಹೋಗ್ತಾರೆ, ತಿಂಗಳಿಗೆ 1,300 ಕಿಲೋಮೀಟರ್ ಆಗತ್ತೆ. ಇಂಧನದಲ್ಲೇ ವರ್ಷಕ್ಕೆ ಎಂಬತ್ತು ತೊಂಬತ್ತು ಸಾವಿರ ಉಳಿಯತ್ತೆ, ಮೂರು ಲಕ್ಷ ಹೆಚ್ಚು ಕೊಟ್ಟು ತಗೊಂಡ್ರೂ ನಾಲ್ಕು ವರ್ಷದೊಳಗೆ ಸರಿಹೋಗತ್ತೆ. ಚಿಕ್ಕಪ್ಪ ಕಾರ್ ತೆಗೆಯೋದು ಮದುವೆ, ತಿಥಿ, ಆಸ್ಪತ್ರೆಗೆ, ತಿಂಗಳಿಗೆ 300 ಕಿಲೋಮೀಟರ್ ಆದ್ರೆ ಹೆಚ್ಚು. ಅವರಿಗೆ ವರ್ಷಕ್ಕೆ ಉಳಿಯೋದು ಇಪ್ಪತ್ತು ಸಾವಿರ, ಮೂರು ಲಕ್ಷ ಹಿಂದೆ ಬರೋಕೆ ಹದಿನೈದು ವರ್ಷ. ಅವರಿಗೆ ಇರೋ ಪೆಟ್ರೋಲ್ ಕಾರೇ ಸರಿ ಅಂತ ನೇರವಾಗೇ ಹೇಳಿದೆ.

ಭಾವನಿಗೆ ಮಾತ್ರ ಮೊದಲು ಅರ್ಥಿಂಗ್ ನೋಡಿಸಿ ಅಂದೆ, ಯಾಕಂದ್ರೆ ಅರ್ಥ್ ಸರಿ ಇಲ್ಲದಿದ್ರೆ ಚಾರ್ಜರ್ ಕೆಂಪು ಲೈಟ್ ತೋರಿಸಿ ಕೂತುಬಿಡತ್ತೆ, ನನ್ನ ಮನೆಯಲ್ಲೂ ಹೊಸ ಗುಂಡಿ, ತಾಮ್ರದ ವೈರ್, ಎಂಸಿಬಿ ಎಲ್ಲ ಸೇರಿ 19,000 ಆಗಿತ್ತು. ಮೊನ್ನೆ ಎಲೆಕ್ಟ್ರಿಷಿಯನ್ ಕರೆಸಿದ್ರಂತೆ. ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಎರಡು ಮೂರು ವೋಲ್ಟ್ ಒಳಗೆ ಇರಬೇಕಾದ್ದು ಹದಿನಾಲ್ಕು ತೋರಿಸ್ತಂತೆ. ಹಿತ್ತಲಲ್ಲಿ ತೆಂಗಿನ ಮರದ ಬುಡದ ಹತ್ರ, ಪಾತ್ರೆ ತೊಳೆದ ನೀರು ಹರಿಯೋ ಕಡೆ ಗುಂಡಿ ತೋಡಿಸ್ತಾ ಇದಾರೆ, ಅಲ್ಲಿ ಮಣ್ಣು ಯಾವಾಗ್ಲೂ ಒದ್ದೆ ಇರತ್ತೆ ಅಂತ. ಕಾರ್ ಬುಕಿಂಗ್ ಅದಾದ ಮೇಲೆ.